ನರಹರಿ ಸರ್ ಎತ್ತಿ ಹಿಡಿದ ಹುರಿ

ನರಹರಿ ಸರ್ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಹುರಿ ಇರುತ್ತಿತ್ತು. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಸೆಣಬಿನ ಹುರಿ. ಅದನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ, ತುದಿಗೆ ತುದಿ ಗಂಟು ಹಾಕಿ, ಒಂದು ಬಲೆಯ ಹಾಗೆ ಮಾಡಿ, ಮುದ್ದೆ ಕಟ್ಟಿ ತುರುಕಿಕೊಂಡಿರುತ್ತಿದ್ದರು. ಸಂಜೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾಯುವಾಗ ಎಲ್ಲರೂ ಪೇಪರ್ ಓದಿದರೆ ಇವರು ಆ ಮುದ್ದೆ ಬಿಡಿಸಿಕೊಂಡು ಒಂದು ಗಂಟು ಬಿಚ್ಚಿ ಇನ್ನೊಂದು ಕಡೆ ಹಾಕುತ್ತ ನಿಂತಿರುತ್ತಿದ್ದರು. ಒಂದು ದಿನ ಟಿಕೆಟ್ ಕೇಳಿದ ಕಂಡಕ್ಟರನ ಕೈಗೆ ದುಡ್ಡಿನ ಬದಲು ಹುರಿಯ ಮುದ್ದೆಯನ್ನೇ ಇಟ್ಟರಂತೆ. "ಭಟ್ರೆ, ಇದ್ರಲ್ಲಿ ಹರಿಹರಪುರದ ತನಕಾನೂ ಹೋಗಕ್ಕಾಗಲ್ಲ ಮಾರಾಯ್ರೆ" ಎಂದು ಅವನು ಹೇಳಿದ್ದನ್ನು ಮಾರನೆಯ ದಿನ ಕ್ಲಾಸಿನಲ್ಲಿ ನಮಗೆ ಹೇಳಿ, ನಮಗಿಂತ ಮೊದಲು ತಾವೇ ನಕ್ಕರು. ಕಾಲೇಜಿನಲ್ಲಿ ಅವರ ಹೆಸರು 'ಹುರಿ ನರಹರಿ' ಎಂದೇ ಆಗಿತ್ತು. ಅದು ಅವರಿಗೂ ಗೊತ್ತಿತ್ತು.

ಅವರು ನಮಗೆ ಪಿಯುಸಿಯಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದರು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಊರು ಶೃಂಗೇರಿ, ಮನೆತನ ಪುರೋಹಿತರದು. "ನಮ್ಮನೇಲಿ ಎಲ್ಲರೂ ಮಂತ್ರ ಹೇಳಿ ಅಗ್ನೀನ ಕರೀತಾರೆ. ನಾನು ಸ್ವಿಚ್ ಒತ್ತಿ ಕರೀತೆ. ಬಪ್ಪದು ಅವನೇ" ಎನ್ನುತ್ತಿದ್ದರು. ಉದ್ದಕ್ಕೆ ತೆಳ್ಳಗೆ ಇದ್ದರು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲೊಂದು ಕೊಡೆ. ಹುಡುಗರನ್ನು 'ಮಾಣಿ' ಎಂದೂ ಹುಡುಗಿಯರನ್ನು 'ಕೂಸೆ' ಎಂದೂ ಕರೆಯುತ್ತಿದ್ದರು. ನಾನು ಹಿರೇಕೊಡಿಗೆಯ ಗೌಡರ ಮನೆಯ ಹುಡುಗಿ, ಸುಮಿತ್ರಾ. ಹತ್ತನೆಯ ತನಕ ಕನ್ನಡದಲ್ಲಿ ಓದಿ, ಇಂಗ್ಲಿಷಿನ ಫಿಸಿಕ್ಸ್ ಪುಸ್ತಕ ಕಂಡರೆ ಹೊಟ್ಟೆನೋವು ಬರುವಂಥ ಸ್ಥಿತಿಯಲ್ಲಿದ್ದವಳು. ನನ್ನ ಹೊಟ್ಟೆನೋವು ಬಿಡಿಸಿದ್ದು ಅವರೇ. ಅವರನ್ನು ಆಮೇಲೆ ವರ್ಷಗಟ್ಟಲೆ ದ್ವೇಷಿಸಿದವಳೂ ನಾನೇ. ಅದಕ್ಕೇ ಇದನ್ನು ಬರೆಯುವಾಗ ಕೈ ಹಿಂದೆಮುಂದೆ ನೋಡುತ್ತಿದೆ.

ರೆಸಿಸ್ಟರುಗಳ ಬಲೆ ಎಂದರೆ ಪುಸ್ತಕದಲ್ಲಿ ಗಾಬರಿ ಹುಟ್ಟಿಸುವ ಚಿತ್ರ. ಗರಗಸದ ಹಲ್ಲಿನಂಥ ಗೆರೆಗಳು ಅಡ್ಡಡ್ಡ, ಉದ್ದುದ್ದ, ಓರೆಕೋರೆ. ಯಾವುದೋ ಮೂಲೆಯಲ್ಲಿ 'ಎ', ಇನ್ಯಾವುದೋ ಮೂಲೆಯಲ್ಲಿ 'ಬಿ'. ಇಷ್ಟೂ ರೆಸಿಸ್ಟರುಗಳನ್ನು ಕಿತ್ತು ಹಾಕಿ, ಎ ಮತ್ತು ಬಿ ನಡುವೆ ಒಂದೇ ಒಂದನ್ನು ಇಡಬೇಕು, ಕರೆಂಟಿಗೆ ವ್ಯತ್ಯಾಸವೇ ತಿಳಿಯಬಾರದು. ಹಾಗಾದರೆ ಆ ಒಂದರ ಬೆಲೆ ಎಷ್ಟು? ಲೆಕ್ಕ ಇಷ್ಟೇ. ಆದರೆ ಎಲ್ಲಿಂದ ಶುರುಮಾಡುವುದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಲ ದಿನ ಸರ್ ಬೋರ್ಡಿನ ಮೇಲೆ ಅಂಥದ್ದೊಂದು ಚಿತ್ರ ಬರೆದರು. ನಾವು ತಲೆ ತಗ್ಗಿಸಿದೆವು. ಅವರು ಜೇಬಿನಿಂದ ಹುರಿಯ ಮುದ್ದೆ ತೆಗೆದು ಮೇಜಿನ ಮೇಲೆ ಹರವಿದರು.

"ಒಂದೊಂದು ಹುರಿತುಂಡೂ ಒಂದೊಂದು ರೆಸಿಸ್ಟರ್. ಗಂಟು ಇದ್ದಲ್ಲಿ ತಂತಿ ಕೂಡ್ತದೆ. ಚಿತ್ರದಲ್ಲಿ ಇದ್ದ ಹಾಗೇ ಕಟ್ಟಿದ್ದೆ, ಬೇಕಾರೆ ನೋಡಿಕೊಳ್ಳಿ. ಮಾಣಿ, ಈ ಗಂಟು ಎ. ಇದನ್ನ ಹಿಡಿದು ಎತ್ತು. ಕೂಸೆ, ಇದು ಬಿ. ನೀ ಇದನ್ನ ಕೆಳಗೆ ಜಗ್ಗು."

ಕೂಸು ನಾನೇ. ಜಗ್ಗಿದೆ. ಮೇಜಿನ ಮೇಲೆ ಗೋಜಲಾಗಿ ಬಿದ್ದಿದ್ದ ಹುರಿ ಗಾಳಿಯಲ್ಲಿ ತಾನೇ ಬಿಡಿಸಿಕೊಂಡಿತು. ಯಾವುದು ಒಂದರ ಕೆಳಗೊಂದು, ಯಾವುದು ಅಕ್ಕಪಕ್ಕ ಎಂಬುದೆಲ್ಲ ಬೆಳಕಿನಷ್ಟು ಸ್ಪಷ್ಟ. ಒಂದರ ಕೆಳಗೊಂದು ಇದ್ದರೆ ಕೂಡಿಸು. ಅಕ್ಕಪಕ್ಕ ಇದ್ದರೆ ಕರೆಂಟಿಗೆ ದಾರಿ ಹೆಚ್ಚು, ಒಟ್ಟು ರೋಧ ಕಡಿಮೆ. "ಗೋಜಲು ಇದ್ದದ್ದು ಚಿತ್ರದಲ್ಲಿ, ಸರ್ಕ್ಯೂಟಿನಲ್ಲಿ ಅಲ್ಲ" ಎಂದರು ಸರ್. "ಗೋಜಲು ಕಂಡ್ರೆ ಕತ್ತರಿ ಹುಡುಕಬೇಡಿ. ತುದಿ ಹುಡುಕಿ."

ಈ ಮಾತನ್ನು ನಾನು ಹೈಸ್ಕೂಲಿನ ಮಕ್ಕಳಿಗೆ ಇವತ್ತೂ ಹೇಳುತ್ತೇನೆ. ಯಾರ ಮಾತು ಎಂದು ಮಾತ್ರ ಬಹಳ ವರ್ಷ ಹೇಳಲಿಲ್ಲ.

ಅವರ ಇನ್ನೊಂದು ಮಾತು ಗದ್ದೆಯದು. ಎತ್ತಿ ಹಿಡಿದ ಹುರಿಯಲ್ಲಿ ಎರಡು ಗಂಟು ಒಂದೇ ಮಟ್ಟಕ್ಕೆ ಬಂದರೆ, ಅವೆರಡರ ನಡುವಿನ ಹುರಿಯನ್ನು ಬೆರಳಲ್ಲಿ ಮೀಟಿ ಕೇಳುತ್ತಿದ್ದರು: "ಒಂದೇ ಮಟ್ಟದ ಎರಡು ಗದ್ದೆ. ನೀರೂ ಸಮ ನಿಂತಿದೆ. ನಡುವಿನ ಅಂಚಿನಲ್ಲಿ ಕಂಡಿ ಕಡಿದ್ರೆ ನೀರು ಎತ್ತ ಹೋಗ್ತದೆ?"

"ಎತ್ತಲೂ ಹೋಗಲ್ಲ ಸರ್."

"ಹಂಗಾರೆ ಕಂಡಿ ಮುಚ್ಚಿದ್ರೂ ಒಂದೇ, ತೆರೆದ್ರೂ ಒಂದೇ. ಈ ನಡುವಿನ ರೆಸಿಸ್ಟರನ್ನ ತೆಗೆದು ಬಿಸಾಕಿ."

ಹನ್ನೆರಡು ಹಿಡಿಕಡ್ಡಿಗಳ ಒಂದು ಚೌಕಪೆಟ್ಟಿಗೆಯನ್ನೂ ಮಾಡಿದ್ದರು, ಮೂಲೆಗಳಿಗೆ ಸೈಕಲ್ಲಿನ ವಾಲ್‌ಟ್ಯೂಬಿನ ಚೂರು ಸಿಕ್ಕಿಸಿ. ಎಲ್ಲ ಕಡ್ಡಿಯೂ ಒಂದೊಂದು ಓಮಿನ ರೆಸಿಸ್ಟರ್. ಒಂದು ಮೂಲೆಯಿಂದ ಅದರ ನೇರ ಎದುರು ಮೂಲೆಗೆ ಎಷ್ಟು? ಸೀನಿಯರುಗಳು ನಮ್ಮನ್ನು ಹೆದರಿಸಲಿಕ್ಕೆಂದೇ ಇಟ್ಟುಕೊಂಡಿದ್ದ ಲೆಕ್ಕ ಅದು. ಸರ್ ಪೆಟ್ಟಿಗೆಯನ್ನು ಒಂದು ಮೂಲೆ ಹಿಡಿದು ಎತ್ತಿದರು. ಕೆಳಗೆ ಮೂರು ಮೂಲೆ ಒಂದೇ ಮಟ್ಟ, ಅದರ ಕೆಳಗೆ ಇನ್ನು ಮೂರು ಒಂದೇ ಮಟ್ಟ, ಕಡೆಯಲ್ಲಿ ಒಂದು. ಮೇಲೆ ಮೂರು ಕಡ್ಡಿ ಅಕ್ಕಪಕ್ಕ, ನಡುವೆ ಆರು, ಕೆಳಗೆ ಮತ್ತೆ ಮೂರು. ಮೂರನೇ ಒಂದು, ಆರನೇ ಒಂದು, ಮೂರನೇ ಒಂದು. ಕೂಡಿಸಿದರೆ ಆರರಲ್ಲಿ ಐದು. ಕ್ಲಾಸಿಗೆ ಕ್ಲಾಸೇ ಹೋ ಎಂದು ಕೂಗಿತು. ಪಕ್ಕದ ರೂಮಿನಿಂದ ಕೆಮಿಸ್ಟ್ರಿ ಮೇಡಂ ಬಂದು ಬಗ್ಗಿ ನೋಡಿ ಹೋದರು. ಆ ದಿನ ಮನೆಗೆ ಹೋಗಿ ನಾನೂ ಅಮ್ಮನ ಪೊರಕೆಯಿಂದ ಕಡ್ಡಿ ಕಿತ್ತು ಬೈಸಿಕೊಂಡೆ. ಫಿಸಿಕ್ಸ್ ಮೇಷ್ಟ್ರಾಗಬೇಕು ಎಂದು ಹುಟ್ಟಿದ ಆಸೆ ಅವತ್ತಿನದು. ಆಸೆಯನ್ನು ಅಪ್ಪಯ್ಯನ ಕಿವಿಗೂ ಹಾಕಿದ್ದೆ. "ಓದು, ಯಾರು ಬ್ಯಾಡ ಅಂದಾರೆ" ಎಂದಿದ್ದರು.

ಹುರಿಯ ವಿದ್ಯೆ ಹೆಸರಾಯಿತು. ಎರಡನೆಯ ಪಿಯುಸಿಯ ನಡುವಿನಲ್ಲಿ ಪ್ರಿನ್ಸಿಪಾಲರು ಶೃಂಗೇರಿ, ನರಸಿಂಹರಾಜಪುರದ ಕಡೆಯ ನಾಲ್ಕಾರು ಲೆಕ್ಚರರುಗಳನ್ನು ನಮ್ಮ ಕ್ಲಾಸು ನೋಡಲು ಕರೆಸಿದರು. ಅವರು ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತರು. ನರಹರಿ ಸರ್ ಅವತ್ತು ಹೊಸ ಅಂಗಿ ತೊಟ್ಟಿದ್ದರು. ಪಾಠ ಸೊಗಸಾಗಿ ನಡೆಯಿತು. ಮುಗಿಸುವ ಹೊತ್ತಿಗೆ ಹುರುಪು ಹೆಚ್ಚಾಗಿ, ಐದು ರೆಸಿಸ್ಟರಿನ ಒಂದು ಲೆಕ್ಕ ಬರೆದರು. ಎ ಮೇಲೆ, ಬಿ ಕೆಳಗೆ, ಎಡಕ್ಕೆ ಎರಡು, ಬಲಕ್ಕೆ ಎರಡು, ನಡುವೆ ಅಡ್ಡ ಒಂದು. ಯಾವಾಗಲೂ ಎಲ್ಲವಕ್ಕೂ ಹತ್ತು ಓಮು ಎಂದು ಬರೆಯುತ್ತಿದ್ದವರು, ಬಂದವರಿಗೆ ಲೆಕ್ಕ ತೀರಾ ಸುಲಭವಾಗಿ ಕಾಣಬಾರದೆಂದೋ ಏನೋ, ಬಲಗಡೆ ಕೆಳಗಿನದಕ್ಕೆ ಇಪ್ಪತ್ತು ಎಂದು ಬರೆದರು. ಹುರಿ ಮಾತ್ರ ಹಳೆಯದೇ. ಎತ್ತಿ ಹಿಡಿದರು. ಗಂಟುಗಳೆರಡೂ ಸಮ ನಿಂತವು. ನಡುವಿನದನ್ನು ಬಿಸಾಕಿ, ಎಡಕ್ಕೆ ಇಪ್ಪತ್ತು, ಬಲಕ್ಕೆ ಮೂವತ್ತು, ಅಕ್ಕಪಕ್ಕ ಸೇರಿದರೆ ಹನ್ನೆರಡು ಎಂದು ಬರೆದು ಅಡಿಗೆರೆ ಎಳೆದರು.

ನಾನು ಎದ್ದು ನಿಂತೆ. ಅವರನ್ನು ಸೋಲಿಸಬೇಕೆಂದಲ್ಲ. ಅಷ್ಟು ದಿನ ಅವರು ಕೇಳು ಕೇಳು ಎಂದು ಹೇಳಿದ್ದರಿಂದ ಎದ್ದೆ.

"ಸರ್, ಒಂದು ಮಾತ್ರ ಇಪ್ಪತ್ತಲ್ವಾ? ನಮ್ಮ ಹುರಿ ಎಲ್ಲ ಒಂದೇ ಉದ್ದ ಇದೆ. ಗಂಟು ಸಮ ಇದೆ ಅಂತ ಹುರಿ ಹೇಳ್ತಿದೆ. ಕರೆಂಟ್ ಹಂಗೆ ಹೇಳಲ್ಲ. ನಡುವಿನದ್ರಲ್ಲಿ ಸ್ವಲ್ಪ ಹರೀತದೆ ಸರ್."

ಹಿಂದಿನ ಬೆಂಚಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಸರ್ ಮುಖ ಕೆಂಪಾಯಿತು. ನನ್ನ ಕೈ ನೋಡಿದರು. ಅಡಿಕೆ ಸುಲಿಯುವ ಕಾಲ, ಬೆರಳುಗಳೆಲ್ಲ ಕಪ್ಪಾಗಿದ್ದವು.

"ಅಡಿಕೆ ಸುಲಿಯೋ ಕೈಗೆ ಲೆಕ್ಕ ಕೊಟ್ರೆ ಹೀಗೇ ಆಗೋದು" ಎಂದರು. "ಕೂತ್ಕೊ."

ಕ್ಲಾಸು ನಕ್ಕಿತು. ಬಂದವರೂ ನಕ್ಕರು. ನಾನು ಕೈಯನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡು ಕೂತೆ. ಉಳಿದ ಹುಡುಗಿಯರ ಬೆರಳೂ ಕಪ್ಪಾಗಿಯೇ ಇದ್ದವು, ಅವರೂ ನಕ್ಕರು. ಮಾರನೆಯ ದಿನದಿಂದ ಜ್ವರ ಎಂದು ಮನೆಯಲ್ಲೇ ಉಳಿದೆ.

ಆ ಭಾನುವಾರ ಮಧ್ಯಾಹ್ನ ನಾನು ಅಟ್ಟದ ಮೇಲೆ ಇದ್ದೆ. ನಾಯಿ ಬೊಗಳಿತು. ಕಿಂಡಿಯಿಂದ ನೋಡಿದರೆ ಕೊಡೆ, ಹಿಂದಕ್ಕೆ ಬಾಚಿದ ಕೂದಲು. ನರಹರಿ ಸರ್ ನಮ್ಮ ಅಂಗಳ ದಾಟಿ ಬರುತ್ತಿದ್ದರು. ಮೇಷ್ಟ್ರು ಮನೆಗೆ ಬಂದರೆಂದರೆ ದೂರು ಹೇಳಲಿಕ್ಕೆ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಅಪ್ಪಯ್ಯ ಎದ್ದು ಹೋಗಿ ಕೈಮುಗಿದು ಜಗಲಿಯಲ್ಲಿ ಕೂರಿಸಿದರು. ಅಮ್ಮ ಬೆಲ್ಲ, ನೀರು ತಂದಿಟ್ಟಳು.

"ಬೇಡ ತಾಯಿ, ಇವತ್ತು ಬೇಡ" ಎಂದರು ಸರ್.

"ಹಂಗಾರೆ ಒಂದು ಲೋಟ ಕಾಫಿ..."

"ಬೇಡ, ಕಾಫಿನೂ ಬೇಡ."

"ಒಂದು ಬಾಳೆಹಣ್ಣಾದ್ರೂ ತಗಳಿ ಸ್ವಾಮಿ. ಇಷ್ಟು ದೂರ ಬಂದೀರಿ."

"ಎಂತದೂ ಬೇಡ. ಕೂತ್ಕೊಳ್ಳಿ ನೀವು, ಮಾತಾಡೋದಿದೆ."

ನಮ್ಮ ಕಡೆ ತಕರಾರು ಹೊತ್ತು ಬಂದವನು ಅದು ತೀರ್ಮಾನವಾಗುವ ತನಕ ಆ ಮನೆಯ ನೀರು ಮುಟ್ಟುವುದಿಲ್ಲ. ಬೇಲಿಯ ಜಗಳವಿರಲಿ, ಮದುವೆಯ ಮುನಿಸಿರಲಿ, ಬೆಲ್ಲ ಬಾಯಿಗೆ ಹಾಕಿದನೆಂದರೆ ಅರ್ಧ ರಾಜಿಯಾದ ಹಾಗೆ. ತಟ್ಟೆ ಸರಿಸಿದನೆಂದರೆ ಕೋಪ ಇನ್ನೂ ಇದೆ ಎಂದೇ ಅರ್ಥ. ಮೇಷ್ಟ್ರು ಒಂದಲ್ಲ, ಮೂರು ಸಲ ಸರಿಸಿದ್ದರು. ಅಪ್ಪಯ್ಯನ ದನಿ ಇಳಿದದ್ದು ಅಟ್ಟದ ಮೇಲಿದ್ದ ನನಗೂ ತಿಳಿಯಿತು.

"ನಿಮ್ಮ ಕೂಸು ಕ್ಲಾಸಿನಲ್ಲಿ ಎದ್ದು ನಿಂತು ಒಂದು ಮಾತು ಹೇಳಿದ್ಲು" ಎಂದು ಸರ್ ಶುರುಮಾಡಿದರು. "ಹೊರಗಿನವರೂ ಇದ್ರು. ಅದ್ರ ವಿಷಯಕ್ಕೇ ಬಂದೆ ನಾನು."

"ತಪ್ಪಾತು ಸ್ವಾಮಿ."

"ಅಲ್ಲ ಗೌಡ್ರೆ, ತಪ್ಪು ಅವಳದ್ದು..."

"ಅವಳದ್ದೇ. ಮಾಸ್ಟ್ರಿಗೆ ಎದುರಾಡದು ಅಂದ್ರೆ! ಅದೂ ನಾಕು ಜನದ ಎದುರಿಗೆ! ನಾ ಬುದ್ಧಿ ಹೇಳ್ತೀನಿ. ನೀವು ಮನಸ್ಸಿಗೆ ಹಚ್ಕಬ್ಯಾಡಿ."

ಆಮೇಲಿನ ಮಾತುಗಳು ನನಗೆ ಸರಿಯಾಗಿ ಕೇಳಲಿಲ್ಲ. ಸರ್ ಏನೋ ಹೇಳುವುದು, ಅಪ್ಪಯ್ಯ ನಡುವೆ ಕೈಮುಗಿಯುವುದು, ಮತ್ತೆ ಸರ್ ತಡವರಿಸುವುದು. ಕಡೆಗೆ ಸರ್ ದನಿ ದೊಡ್ಡದಾಯಿತು: "ಅವಳನ್ನೇ ಕರೀರಿ. ಅವಳ ಎದುರಿಗೇ ಹೇಳ್ತೆ."

ಅಪ್ಪಯ್ಯ ಕರೆದರು. "ಸುಮಿತ್ರಾ" ಎಂದು ಎರಡು ಸಲ. ಮೂರನೆಯ ಸಲ ಸರ್ ತಾವೇ ಕರೆದರು, "ಸುಮಿತ್ರಾ, ಒಂಚೂರು ಬಾ ಮಗಾ."

ನಾನು ಕಪ್ಪು ಬೆರಳುಗಳನ್ನು ಮುಷ್ಟಿಯಲ್ಲಿಟ್ಟುಕೊಂಡು, ಅಟ್ಟದ ಹಲಗೆಯ ಮೇಲೆ ಅಲ್ಲಾಡದೆ ಕೂತೆ. ಇನ್ನೊಂದು ಸಲ ಬೈಸಿಕೊಳ್ಳಲು ನಾನೇಕೆ ಇಳಿಯಬೇಕು ಎಂದು ಹಟ.

"ಗದ್ದೆ ಕಡೆ ಹೋಗ್ಯಾಳೆ ಕಾಣ್ತದೆ" ಎಂದರು ಅಪ್ಪಯ್ಯ. ಸರ್ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಬೆಲ್ಲದ ತಟ್ಟೆ ಹಾಗೇ ಇತ್ತು.

ಅಪ್ಪಯ್ಯ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಅದೇ ತಟ್ಟೆ ತೋರಿಸಿ ಹೇಳಿದರು: "ನಮ್ಮ ಮನೆಗೆ ಬಂದ ಬ್ರಾಂಬ್ರು ನೀರು ಕುಡೀದೆ ಹೋದ್ರು. ಇನ್ನು ಆ ಕಾಲೇಜಿನ ಮೆಟ್ಟಿಲು ಬ್ಯಾಡ ನಿಂಗೆ." ಅಮ್ಮ ಒಂದೆರಡು ಮಾತು ಹೇಳಿ ನೋಡಿದಳು, ನಡೆಯಲಿಲ್ಲ. ಮುಂದಿನ ಜೂನಿನಲ್ಲಿ ನನ್ನನ್ನು ನರಸಿಂಹರಾಜಪುರದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಆರ್ಟ್ಸಿಗೆ ಸೇರಿಸಿದರು. ಮತ್ತೆ ಮೊದಲ ಪಿಯುಸಿಯಿಂದ. ಇತಿಹಾಸ ಓದಿದೆ, ಬಿ.ಎಡ್. ಮಾಡಿದೆ, ಅಲ್ಲೇ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಲು ನಿಂತೆ. ಕೆಟ್ಟ ಬದುಕೇನಲ್ಲ. ಆದರೆ ಸೈನ್ಸ್ ಲ್ಯಾಬಿನ ಮುಂದೆ ಹಾದು ಹೋಗುವಾಗ ಕಾಲು ನಿಧಾನವಾಗುತ್ತಿತ್ತು.

ಸಿಟ್ಟನ್ನು ನಾನು ನಗೆಯಾಗಿ ಮಾಡಿಕೊಂಡೆ. ಸ್ಟಾಫ್‌ರೂಮಿನಲ್ಲಿ ಹೊತ್ತು ಹೋಗದಾಗ ಹುರಿ ನರಹರಿಯ ಆಟ ಆಡಿ ತೋರಿಸುತ್ತಿದ್ದೆ. ಯಾರದೋ ಶಾಲನ್ನು ಎತ್ತಿ ಹಿಡಿದು, ಕತ್ತು ಉದ್ದ ಮಾಡಿ, "ಬಿಸಾಕಿ, ತೆಗೆದು ಬಿಸಾಕಿ" ಎನ್ನುವುದು. ಕಂಡಕ್ಟರಿಗೆ ಹುರಿ ಕೊಡುವುದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಅವರ ದನಿ ಚೆನ್ನಾಗಿ ಬರುತ್ತಿತ್ತು. ಅಷ್ಟು ಚೆನ್ನಾಗಿ ಬರಬೇಕಾದರೆ ಮನಸ್ಸಿನೊಳಗೆ ಎಷ್ಟು ಸಲ ಕೇಳಿರಬೇಕು ಎಂದು ಆಗ ಯೋಚಿಸಲಿಲ್ಲ.

ಒಂದು ವರ್ಷ ಸವಿತಾ ಎಂಬ ಹೊಸ ಸೈನ್ಸ್ ಟೀಚರ್ ಬಂದಳು. ಶೃಂಗೇರಿಯವಳು, ನಮ್ಮ ಹೆಸರುಗಳೂ ಅವಳಿಗೆ ಇನ್ನೂ ಗೊತ್ತಿರಲಿಲ್ಲ. ನಾನು ಎಂದಿನಂತೆ ಆಟ ಶುರುಮಾಡಿದೆ. ಎಲ್ಲರೂ ನಕ್ಕರು, ಅವಳು ನಗಲಿಲ್ಲ.

"ಅಕ್ಕ, ಬೇಜಾರು ಮಾಡ್ಕೋಬೇಡಿ" ಎಂದಳು. "ಅವರು ನಂಗೂ ಪಾಠ ಮಾಡಿದವರು. ಅವರನ್ನ ಆಡ್ಕೊಂಡ್ರೆ ಕೇಳಕ್ಕಾಗಲ್ಲ."

"ನಿನ್ನ ಜೇಬಲ್ಲೂ ಹುರಿ ಇದ್ಯಾ ಹಂಗಾರೆ?" ಎಂದೆ ನಾನು. ನಾಲಿಗೆ ಉದ್ದವೇ ನನ್ನದು.

ಅವಳ ಬ್ಯಾಗಿನಲ್ಲಿ ನಿಜಕ್ಕೂ ಇತ್ತು. ಮಕ್ಕಳಿಗೆ ತೋರಿಸಲು ತಂದಿದ್ದಳು. ಒಂದಲ್ಲ, ಎರಡು. ಮೊದಲನೆಯದು ನಾನು ಬಲ್ಲದ್ದೇ. ಎರಡನೆಯದು ಐದು ತುಂಡಿನದು. ಅದರಲ್ಲಿ ಒಂದು ತುಂಡು ಕೆಂಪು ನೂಲಿನದು, ಉಳಿದವುಗಳ ಎರಡರಷ್ಟು ಉದ್ದ. ಸವಿತಾ ಎತ್ತಿ ಹಿಡಿದಳು. ಗಂಟುಗಳು ಸಮ ನಿಲ್ಲಲಿಲ್ಲ. ಒಂದು ಮೇಲೆ, ಒಂದು ಕೆಳಗೆ.

"ಇದಕ್ಕೆ ಸುಮಿತ್ರನ ಗಂಟು ಅಂತ ಹೆಸರು" ಎಂದಳು. "ಪ್ರತಿ ವರ್ಷ ಈ ಪಾಠಕ್ಕೆ ಮೊದಲು ಸರ್ ಇದನ್ನೇ ತೋರಿಸಿ ಹೇಳೋದು: ಎಲ್ಲ ರೆಸಿಸ್ಟರೂ ಒಂದೇ ಇದ್ರೆ ಮಾತ್ರ ನನ್ನ ಹುರಿ ಮಾತು ನಂಬಿ. ಒಂದು ಬೇರೆ ಇದ್ರೂ ನಂಬಬೇಡಿ, ಕೂತು ಲೆಕ್ಕ ಮಾಡಿ. ಇದು ನಂಗೆ ಹೊಳೆದದ್ದಲ್ಲ, ಹಿರೇಕೊಡಿಗೆಯ ಸುಮಿತ್ರಾ ಅಂತ ಒಂದು ಕೂಸು ಹೇಳಿಕೊಟ್ಟದ್ದು. ಅವಳಿಗೆ ನಾಲ್ಕು ಜನರೆದುರು ಅವಮಾನ ಮಾಡಿದ್ದೆ ನಾನು, ಅಂತಿದ್ರು. ಅದೇ ಸಂಜೆ ಬಸ್ಸಲ್ಲಿ ಕೂತು ಲೆಕ್ಕ ಮಾಡಿ ನೋಡಿದ್ರಂತೆ. ಹನ್ನೆರಡಲ್ಲ, ಹನ್ನೊಂದು ಪಾಯಿಂಟ್ ಎಂಟು. ಹರಿಹರಪುರ ಬರೋದ್ರೊಳಗೆ ಬೆವೆತು ಹೋದೆ, ಅಂತಿದ್ರು."

ನಾನು ಶಾಲನ್ನು ಮಡಚಿ ಕುರ್ಚಿಯ ಮೇಲೆ ಹಾಕಿದೆ.

"ತಪ್ಪಾಯ್ತು ಅಂತ ಹೇಳಕ್ಕೆ ಅವಳ ಮನೆಗೂ ಹೋಗಿದ್ರಂತೆ ಅಕ್ಕ. ಮಾರನೇ ದಿನ ಸರ್ ಅಪ್ಪನ ತಿಥಿ. ಹಿಂದಿನ ದಿನ ಹೊರಗೆ ನೀರೂ ಮುಟ್ಟಂಗಿಲ್ಲ. ಕಾರಣ ಹೇಳಿದ್ರೆ, ಗೌಡರ ಮನೇಲಿ ನೀರು ಕುಡಿಯದೆ ಇರಕ್ಕೆ ಭಟ್ಟ ನೆಪ ಹೇಳ್ತಾನೆ ಅಂತ ತಿಳೀತಾರೇನೋ ಅಂತ ಹೆದರಿ ಬರೀ ಬೇಡ ಬೇಡ ಅಂದ್ರಂತೆ. ಆ ಮನೆಯವರು ಸರ್‌ಗೆ ಸಿಟ್ಟು ಬಂದಿದೆ ಅಂತ ತಿಳ್ಕೊಂಡು ಕೂಸಿನ ಓದೇ ಬಿಡ್ಸಿಬಿಟ್ರು. ಆಮೇಲೆ ಎರಡು ಸಲ ಹೋದ್ರೂ ಕೂಸು ಊರಲ್ಲಿರಲಿಲ್ಲ, ಅವಳಪ್ಪ ಕೈಮುಗಿಯೋದು ಬಿಟ್ರೆ ಬೇರೆ ಮಾತೇ ಆಡಲಿಲ್ವಂತೆ. ಅವತ್ತಿಂದ ಸರ್ ಯಾರ ಮನೇಲೂ ಕಾಫಿ ಬೇಡ ಅನ್ನಲ್ಲ. ಹೊಟ್ಟೆಯುರಿ ಇದೆ, ಡಾಕ್ಟ್ರು ಬೈತಾರೆ, ಆದ್ರೂ ಕುಡೀತಾರೆ." ಸವಿತಾ ಹುರಿಯನ್ನು ಮಡಚುತ್ತ ನನ್ನ ಮುಖ ನೋಡಿದಳು. "ಅಕ್ಕ, ನಿಮ್ಮ ತವರು ಯಾವುದು ಅಂದ್ರಿ?"

ಬೆಲ್ ಹೊಡೆಯಿತು, ಎದ್ದು ಕ್ಲಾಸಿಗೆ ಹೋದೆ. ಯಾವ ಪಾಠ ಮಾಡಿದೆನೋ ನೆನಪಿಲ್ಲ. ಅಷ್ಟು ವರ್ಷ ಆ ಮನುಷ್ಯ ಪ್ರತಿ ಹೊಸ ಕ್ಲಾಸಿನೆದುರು ನನ್ನ ಹೆಸರು ಹೇಳಿ ತಲೆತಗ್ಗಿಸುತ್ತಿದ್ದರೆ, ನಾನು ಅವರನ್ನು ಕೋತಿ ಮಾಡಿ ಕುಣಿಸುತ್ತಿದ್ದೆ. ಅಪ್ಪಯ್ಯ ಅಷ್ಟರಲ್ಲಿ ತೀರಿಕೊಂಡಿದ್ದರು, ಅವರನ್ನು ಕೇಳುವಂತೆಯೂ ಇರಲಿಲ್ಲ. ಕೇಳಿ ಆಗಬೇಕಾದ್ದೂ ಇರಲಿಲ್ಲ. ಅವರು ಕಂಡದ್ದು ಮುಟ್ಟದ ತಟ್ಟೆ. ನನಗೆ ಕೇಳಿಸಿದ್ದು "ಬಾ ಮಗಾ" ಎಂಬ ಮಾತು.

ಒಂದು ಶನಿವಾರ ಮಧ್ಯಾಹ್ನ ಶೃಂಗೇರಿಗೆ ಹೋದೆ. ಸರ್ ರಿಟೈರ್ ಆಗಿದ್ದರು. ಸವಿತಾ ಮೊದಲೇ ಫೋನ್ ಮಾಡಿ ತಿಳಿಸಿದ್ದಳು; ಅವರು ಬೀದಿಯ ತಿರುವಿನಲ್ಲೇ ಕೊಡೆ ಹಿಡಿದು ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು,  ಬಾಚಿದ್ದು ಮಾತ್ರ ಹಿಂದಕ್ಕೇ. ನನ್ನನ್ನು ನೋಡಿ ಮುಂದೆ ಮುಂದೆ ನಡೆದರು. ಮನೆಯಲ್ಲಿ ಕೂರಿಸಿದರು. ಅವರ ಹೆಂಡತಿ ಒಳಗಿನಿಂದ ಎರಡು ಲೋಟ ಕಾಫಿ ತಂದರು.

ನನಗೆ ಅಂದು ಸಂಕಷ್ಟಿ. ಚಂದ್ರನನ್ನು ನೋಡುವ ತನಕ ನೀರೂ ಮುಟ್ಟದ ವ್ರತ, ಅಮ್ಮನಿಂದ ಬಂದದ್ದು, ಒಂದು ಸಲವೂ ತಪ್ಪಿಸಿರಲಿಲ್ಲ. 'ಬೇಡ' ಎಂಬ ಮಾತು ಬಾಯಿಯ ತನಕ ಬಂದಿತ್ತು. ಸರ್ ಕಡೆ ನೋಡಿದೆ. ಅವರು ತಮ್ಮ ಲೋಟ ಮುಟ್ಟದೆ ನನ್ನ ಕೈಯನ್ನೇ ನೋಡುತ್ತಿದ್ದರು, ಅಂದು ಕ್ಲಾಸಿನಲ್ಲಿ ನೋಡಿದ ಹಾಗೆಯೇ. ನಾನು ಲೋಟ ಎತ್ತಿ ಕುಡಿದೆ. ಅವರು ಆಮೇಲೆ ತಮ್ಮ ಲೋಟ ಎತ್ತಿದರು.

"ತಪ್ಪಾತು ಕೂಸೆ" ಎಂದರು. "ನೀ ಹೇಳಿದ್ದು ಸರಿ ಇತ್ತು. ನಂಗೆ ಆ ಹೊತ್ತಿಗೆ ತಿಳೀಲಿಲ್ಲ. ತಿಳಿದಿದ್ರೂ ಒಪ್ಪಿಕೊಳ್ತಿದ್ನೋ ಇಲ್ವೋ, ಹೊಸ ಅಂಗಿ ಹಾಕ್ಕಂಡಿದ್ದೆ ನೋಡು. ಆದ್ರೆ ನಿನ್ನ ಕೈ ವಿಷಯ ತೆಗೆದದ್ದು ಇದ್ಯಲ, ಅದು ಲೆಕ್ಕದ ತಪ್ಪಲ್ಲ. ಅದು ನನ್ನದೇ ತಪ್ಪು."

"ಸರ್, ಅದೆಲ್ಲ ಯಾವಾಗಲೋ ಮುಗೀತು."

"ನಿಂಗೆ ಮುಗ್ದಿರ್ಬಹುದು" ಎಂದರು. ಆಮೇಲೆ ನನ್ನ ಶಾಲೆಯ ವಿಷಯ ಕೇಳಿದರು. ಇತಿಹಾಸ ಪಾಠ ಮಾಡುತ್ತೇನೆ ಎಂದೆ. "ಅದೂ ಒಳ್ಳೇದೇ" ಎಂದರು. ಒಳ್ಳೆಯದು ಎನ್ನುವ ದನಿ ಅದಾಗಿರಲಿಲ್ಲ. ನಾನು ಹೇಳಲೇಬೇಕೆಂದುಕೊಂಡು ಬಂದದ್ದು ಒಂದೇ ಮಾತು: ಸರ್, ನಾನು ಅಟ್ಟದ ಮೇಲಿದ್ದೆ, ನೀವು ಕರೆದದ್ದು ಕೇಳಿಸಿತು, ಇಳಿಯಲಿಲ್ಲ. ಅವರ ಹೆಂಡತಿ ಕುಂಕುಮ ಕೊಟ್ಟರು, ಹೂ ಕೊಟ್ಟರು. ಆ ಮಾತು ಹೇಳದೆಯೇ ಎದ್ದೆ.

ಬೇಡವೆಂದರೂ ಬಸ್‌ಸ್ಟ್ಯಾಂಡಿನ ತನಕ ಬಂದರು. ನಾನು ಕಿಟಕಿಯ ಪಕ್ಕ ಕೂತೆ, ಅವರು ಕೆಳಗೆ ನಿಂತರು. ಡ್ರೈವರ್ ಹತ್ತಿ ಕೂತ ಮೇಲೆ ಅವರು ಕಿಟಕಿಯ ಸರಳು ಹಿಡಿದು ಕೇಳಿದರು.

"ಒಂದು ಮಾತು ಕೂಸೆ. ಆ ಭಾನುವಾರ ನೀ ಮನೇಲಿದ್ದಿಯನೆ?"

ಅಷ್ಟು ವರ್ಷ ಅವರನ್ನು ಕೊರೆಯುತ್ತಿದ್ದದ್ದು ಇದೇ ಇರಬೇಕು. ನನಗೆ ತಕ್ಷಣ ಬಾಯಿಗೆ ಬಂದದ್ದು ಅಪ್ಪಯ್ಯ ಹೇಳಿದ್ದೇ. "ಇಲ್ಲ ಸರ್" ಎಂದೆ. "ಗದ್ದೆಯಲ್ಲಿದ್ದೆ."

ಅವರ ಮುಖ ಸಡಿಲಾಯಿತು. ನಕ್ಕರು ಕೂಡ.

"ನಂಗೊತ್ತಿತ್ತು" ಎಂದರು. "ಇದ್ದಿದ್ರೆ ಹೊರಗೆ ಬತ್ತಿದ್ದೆ ನೀನು. ನಾನು ಅಷ್ಟು ಕರೆದ ಮೇಲೂ ಬರದೇ ಇರೋ ಕೂಸಲ್ಲ."

ಬಸ್ಸು ಹೊರಟಿತು. ಅವರು ಕೊಡೆ ಎತ್ತಿ ಬೀಸಿದರು. ಮುಂದಿನ ಶನಿವಾರ ಬಂದು ನಿಜ ಹೇಳಿಬಿಡುತ್ತೇನೆ ಎಂದು ಕೊಪ್ಪ ಬರುವುದರೊಳಗೆ ತೀರ್ಮಾನ ಮಾಡಿದೆ. ಆ ಶನಿವಾರ ಪರೀಕ್ಷೆ ಇತ್ತು, ಅದರ ಮುಂದಿನದರಲ್ಲಿ ಯಾರದೋ ಮದುವೆ. ಹೋಗಬೇಕೆಂದರೆ ಹೋಗಬಹುದಿತ್ತು. ಒಂದು ದಿನ ಸವಿತಾ ಸ್ಟಾಫ್‌ರೂಮಿಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಸುದ್ದಿ ಹೇಳಿದಳು. ಸರ್ ಬೆಳಿಗ್ಗೆ ಎದ್ದಿರಲಿಲ್ಲವಂತೆ.

ಅವರ ಹುರಿಗಳು ಈಗ ನಮ್ಮ ಶಾಲೆಯ ಲ್ಯಾಬಿನಲ್ಲಿ ಒಂದು ಮೊಳೆಗೆ ನೇತಾಡುತ್ತಿವೆ. ಸವಿತಾ ಆ ಪಾಠ ಮಾಡುವ ದಿನ ಕೆಂಪು ನೂಲಿನದನ್ನು ಎತ್ತಿ ಹಿಡಿದು, ಇದು ನಮ್ಮ ಸುಮಿತ್ರಾ ಟೀಚರ್ ಗಂಟು ಎನ್ನುತ್ತಾಳೆ. ಬಿಡುವಿನಲ್ಲಿ ಮಕ್ಕಳು ಓಡಿ ಬಂದು, ಟೀಚರ್, ದೊಡ್ಡ ಮೇಷ್ಟ್ರಿಗೇ ನೀವು ತಪ್ಪು ಹೇಳಿದ್ರಂತೆ, ಅವರು ನಿಮ್ಮ ಮನೆ ತನಕ ಬಂದ್ರಂತೆ, ಆಮೇಲೆ ಏನಾಯ್ತು ಟೀಚರ್ ಎಂದು ಕೇಳುತ್ತಾರೆ. ಬಂದಿದ್ದರು, ನಾನು ಗದ್ದೆಯಲ್ಲಿದ್ದೆ ಎನ್ನುತ್ತೇನೆ. ಅವರು ಸಾಯುವ ತನಕ ಹಾಗೆಂದೇ ನಂಬಿದ್ದರು.